ಬಂದೂಕಿಗೆ ಕಟ್ಟಿದ ಲೈಸೆನ್ಸು

ಕಂತು ಒಂಬತ್ತು

"ಏಟಯ್ಯ, ಈ ಪುಸ್ತಕದ ಮೇಲೆ ಏನು ಇಲ್ಲ ಹೇಳಿ ನೋಡೋಣ."

ವಕೀಲೆ ರೇವತಿ ತನ್ನ ಫೋನನ್ನು ಟೀ ಲೋಟಗಳ ನಡುವೆ ಇಟ್ಟು ನನ್ನ ಕಡೆಗೆ ತಳ್ಳಿದಳು. ತಮಿಳುನಾಡಿನ ಗಡಿಯೊಳಗಿನ ದಿಂಬಂನ ಟೀ ಅಂಗಡಿ, ಬೆಳಗಿನ ಒಂಬತ್ತು ಗಂಟೆ. ಅವಳು ಸತ್ಯಮಂಗಲದಿಂದ ಘಾಟಿ ಹತ್ತಿ ಬಂದಿದ್ದಳು. ನಾನು ತಾಳವಾಡಿ ಕಡೆಯಿಂದ ಮೊದಲ ಬಸ್ಸಿಗೆ ಬಂದಿದ್ದೆ.

ಫೋಟೋದಲ್ಲಿ ಇದ್ದದ್ದು ಒಂದು ಬಂದೂಕಿನ ಲೈಸೆನ್ಸು. ಅಂಗೈ ಅಗಲದ ಪುಸ್ತಕ, ಬಣ್ಣಗೆಟ್ಟ ರಟ್ಟು.

"ಕನ್ನಡಕ ಮನೆಯಲ್ಲಿದೆ. ನೀನೇ ಹೇಳಮ್ಮ."

"ರಕ್ತ ಇಲ್ಲ. ಒಂದು ಹನಿಯೂ ಇಲ್ಲ. ಪೊಲೀಸರ ಮಹಜರಿನಲ್ಲಿ ಇದು ಸತ್ತವರ ಅಂಗಿಯ ಎಡ ಜೇಬಿನಲ್ಲಿ ಸಿಕ್ಕಿತು ಅಂತ ಬರೆದಿದೆ. ಗುಂಡು ಬಿದ್ದದ್ದು ಎಡಗಡೆ ಎದೆಗೆ."

ನಾನು ಟೀ ಲೋಟ ಕೆಳಗಿಟ್ಟೆ.

ಹದಿಮೂರು ದಿನದ ಹಿಂದೆ, ಗೆಟ್ಟವಾಡಿಯ ದೊಡ್ಡಮಾದಯ್ಯ ಎಂಬ ಅರವತ್ತೆರಡರ ರೈತ, ಎಲೆಕ್ಷನ್ ಮುಗಿಯುವವರೆಗೆ ತನ್ನ ಲೈಸೆನ್ಸಿನ ಬಂದೂಕನ್ನು ಠಾಣೆಗೆ ಒಪ್ಪಿಸಲು ಮಗ ಸಿದ್ದೇಶನ ಬೈಕಿನಲ್ಲಿ ಹೊರಟಿದ್ದ. ದೊಡ್ಡಹುಣಸೆ ತಿರುವಿನ ತಪಾಸಣೆಯಲ್ಲಿ ಹೊಸ ಎಸ್ಐ ಬೈಕು ನಿಲ್ಲಿಸಿ ಲೈಸೆನ್ಸು ಕೇಳಿದ. ದೊಡ್ಡಮಾದಯ್ಯ ಗೋಣಿಚೀಲ ಬಿಚ್ಚಿ ಬಂದೂಕನ್ನೇ ಹೊರಗೆಳೆದ. ಎಸ್ಐ ಹೊಡೆದ. ತಂದೆ ಮಣ್ಣಿಗೆ ಹೋದ, ಮಗ ಕೊಲೆಯತ್ನದ ಕೇಸಿನಲ್ಲಿ ಜೈಲಿಗೆ ಹೋದ.

"ಅವರ ವಾದ ಸರಳ," ರೇವತಿ ಹೇಳಿದಳು. "ಲೈಸೆನ್ಸು ಜೇಬಿನಲ್ಲೇ ಇತ್ತು. ಕೇಳಿದಾಗ ಜೇಬಿಗೆ ಕೈ ಹಾಕಿದ್ದರೆ ಮುಗಿಯುತ್ತಿತ್ತು. ಚೀಲಕ್ಕೆ ಕೈ ಹಾಕಿದ ಅಂದರೆ ಕೊಲ್ಲಲೆಂದೇ ಹಾಕಿದ. ಮಗ ಬೈಕನ್ನು ಅಡ್ಡ ತಿರುಗಿಸಿ ಗುರಿಗೆ ಅನುಕೂಲ ಮಾಡಿಕೊಟ್ಟ. ನಳಿಗೆಯಲ್ಲಿ ತೋಟಾ ಇರಲಿಲ್ಲ ಅಂತ ಅವರೇ ಬರೆದಿದ್ದಾರೆ. ಆದರೆ ಅದು ಎಸ್ಐಗೆ ಹೇಗೆ ಗೊತ್ತಾಗಬೇಕು ಅಂತಾರೆ. ನಾಳೆ ಮ್ಯಾಜಿಸ್ಟ್ರೇಟ್ ವಿಚಾರಣೆ. ಲೈಸೆನ್ಸು ಜೇಬಿನಲ್ಲಿ ಇರಲಿಲ್ಲ ಅಂತ ತೋರಿಸಿದರೆ ಸಿದ್ದೇಶ ಹೊರಗೆ ಬರುತ್ತಾನೆ. ಇಲ್ಲದಿದ್ದರೆ ವರ್ಷಗಟ್ಟಲೆ ಒಳಗೇ."

"ಫೋಟೋ ದೊಡ್ಡದು ಮಾಡು. ಮೇಲಿನ ಮೂಲೆ."

ಅವಳು ಎರಡು ಬೆರಳಿನಿಂದ ಹಿಗ್ಗಿಸಿದಳು. ರಟ್ಟಿನ ಮೂಲೆಯಲ್ಲಿ ಒಂದು ತೂತು. ಸುತ್ತ ಬಟ್ಟೆಯ ಪಟ್ಟಿ ಅಂಟಿಸಿದೆ. ಆ ಬಟ್ಟೆಗೆ ಅರಿಶಿನ ಹಿಡಿದಿದೆ. ಇದಕ್ಕೆ ಕನ್ನಡಕ ಬೇಕಾಗಿರಲಿಲ್ಲ.

"ಇದೇನು ತೂತು? ನಾನೂ ನೋಡಿ ತಲೆ ಕೆಡಿಸಿಕೊಂಡೆ," ಅಂದಳು.

"ನಾನು ಹೊಡೆದ ತೂತು," ಅಂದೆ.

ಈ ಮಾತನ್ನು ಹದಿಮೂರು ದಿನದಿಂದ ನುಂಗಿಕೊಂಡಿದ್ದೆ. ಮೂವತ್ತೈದು ವರ್ಷ ಕಾಕಿ ಹಾಕಿ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತಿಯಾದ ಶಿವಶಂಕರಪ್ಪ, ಊರವರ ಬಾಯಲ್ಲಿ ತಮಿಳು ಠಾಣೆಯ ರೂಢಿಯಂತೆ ಏಟಯ್ಯ, ಈ ಪ್ರಕರಣದ ಬೆನ್ನು ಹತ್ತಿದ್ದು ನ್ಯಾಯದ ಮೇಲಿನ ಪ್ರೀತಿಯಿಂದ ಅಂತ ಎಲ್ಲರೂ ತಿಳಿದಿದ್ದರು. ಅದು ಸುಳ್ಳು. ನನಗೆ ನಿದ್ದೆ ಬರುತ್ತಿರಲಿಲ್ಲ.

"ಹದಿನೆಂಟು ವರ್ಷದ ಹಿಂದೆ ಒಂದು ಎಲೆಕ್ಷನ್ನಿನಲ್ಲಿ ನಲವತ್ತು ಬಂದೂಕು ಠಾಣೆಗೆ ಬಂದವು. ಎಲ್ಲ ಕಾಡುಹಂದಿ ಓಡಿಸುವ ರೈತರವು. ಬಂದೂಕು ಒಂದು ಕಡೆ, ಲೈಸೆನ್ಸು ಒಂದು ಕಡೆ ರಾಶಿ ಹಾಕಿದ್ದೆವು. ವಾಪಸು ಕೊಡುವಾಗ ಅದಲುಬದಲಾಯಿತು. ನನಗೆ ಮೆಮೊ ಬಂತು. ಅವತ್ತೇ ಕಾನೂನು ಮಾಡಿದೆ. ಲೈಸೆನ್ಸಿಗೆ ತೂತು ಹೊಡೆದು ಬಂದೂಕಿನ ಕುದುರೆಯ ಬಳೆಗೆ, ಅಂದರೆ ಬೆರಳಿಟ್ಟು ಎಳೆಯುವ ಕೊಕ್ಕೆಯ ಸುತ್ತಿನ ಬಳೆಗೆ, ದಾರದಲ್ಲಿ ಕಟ್ಟಬೇಕು. ದಾರದಲ್ಲಿ ನಂಬರಿನ ತಗಡಿನ ಬಿಲ್ಲೆ ಇರಬೇಕು. ಕಟ್ಟದೆ ತಂದರೆ ಮುಟ್ಟಲ್ಲ ಅಂದೆ."

"ಸರ್ಕಾರದ ಆದೇಶವಾ?"

"ನನ್ನ ಆದೇಶ. ಇಲ್ಲಿನ ಜನಕ್ಕೆ ಎರಡೂ ಒಂದೇ. ಮುಂದಿನ ಆಯುಧಪೂಜೆಗೆ ಹೆಂಗಸರು ಆ ದಾರಕ್ಕೆ ಅರಿಶಿನ ಹಚ್ಚಿದರು. ಮರುವರ್ಷ ಪೂಜೆಯಲ್ಲಿ ಹೊಸ ದಾರ ಕಟ್ಟಿದರು. ಆಮೇಲೆ ಅದು ದೇವರ ದಾರವೇ ಆಗಿ ಹೋಯಿತು, ಬಿಚ್ಚುವ ಹಾಗೇ ಇಲ್ಲ. ನಾನು ನಿವೃತ್ತನಾಗಿ ನಾಲ್ಕು ವರ್ಷವಾಯಿತು. ಕೆಳಗಿನಿಂದ ಬಂದ, ಕನ್ನಡ ಬಾರದ ಹೊಸ ಎಸ್ಐಗೆ ಇದೆಲ್ಲ ಯಾರು ಹೇಳಬೇಕು?"

ರೇವತಿಗೆ ಅರ್ಥವಾಗಿತ್ತು. ಲೈಸೆನ್ಸು ತೋರಿಸು ಅಂದರೆ ದೊಡ್ಡಮಾದಯ್ಯ ಬಂದೂಕು ತೆಗೆಯಲೇಬೇಕಿತ್ತು. ಬೇರೆ ದಾರಿಯೇ ಇರಲಿಲ್ಲ.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನಾಚಿಕೆ," ಅಂದೆ. ಸುಳ್ಳು ಹೇಳುವ ವಯಸ್ಸು ಮುಗಿದಿದೆ.

ಅವಳು ಇನ್ನೊಂದು ಫೋಟೋ ತೆಗೆದಳು. ಠಾಣೆಯ ಮೇಜಿನ ಮೇಲೆ ಬಂದೂಕು. ಕುದುರೆಯ ಬಳೆ ಬರಿದಾಗಿತ್ತು. ದಾರವೂ ಇಲ್ಲ, ಬಿಲ್ಲೆಯೂ ಇಲ್ಲ.

"ಹಾಗಾದರೆ ಗುಂಡು ಬಿದ್ದ ಮೇಲೆ ಯಾರೋ ದಾರ ಕತ್ತರಿಸಿ, ಪುಸ್ತಕವನ್ನು ಜೇಬಿಗೆ ತುರುಕಿದ್ದಾರೆ," ರೇವತಿ ಎದ್ದು ನಿಂತಳು. "ನಿಮ್ಮ ಬಾಯಿಮಾತು ಸಾಲದು. ದಾರ ಬೇಕು, ಇಲ್ಲವೇ ಕತ್ತರಿಸಿದವನು ಬೇಕು. ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದವನು ಹೋಮ್‌ಗಾರ್ಡ್ ಶಿವಮಲ್ಲು. ಅವತ್ತಿನಿಂದ ಡ್ಯೂಟಿಗೇ ಬಂದಿಲ್ಲವಂತೆ."

ಶಿವಮಲ್ಲುವನ್ನು ಆ ಕೆಲಸಕ್ಕೆ ಸೇರಿಸಿದ್ದೂ ನಾನೇ. ಈ ಬೆಟ್ಟದಲ್ಲಿ ನನ್ನ ಕೈಯಾಡದ ಪಾತ್ರೆ ಒಂದಾದರೂ ಇದೆಯೋ ಇಲ್ಲವೋ.

*

ಗೆಟ್ಟವಾಡಿಯಲ್ಲಿ ಬಸ್ಸಿಳಿದಾಗ ಹನ್ನೊಂದೂವರೆ. ಸತ್ತವನ ಹೆಂಡತಿ ಮಹಾಲಿಂಗಮ್ಮ ಜಗಲಿಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ತಲೆ ಎತ್ತದೆಯೇ ಚಾಪೆ ಸರಿಸಿದರು.

ಈ ಮನೆಗೆ ಬರುವಾಗೆಲ್ಲ ನನ್ನ ಕಿವಿಯಲ್ಲಿ ಒಂದು ದನಿ ಕೇಳುತ್ತದೆ. "ಕಟ್ಟಿವ್ನಿ ಕಣ್ ಏಟಯ್ಯ, ನೋಡ್ಕಳಿ." ಪ್ರತಿ ಎಲೆಕ್ಷನ್ನಿಗೂ ದೊಡ್ಡಮಾದಯ್ಯ ಬಂದೂಕನ್ನು ಎರಡೂ ಕೈಯಲ್ಲಿ ಎತ್ತಿ, ನಳಿಗೆಯನ್ನು ಪಕ್ಕಕ್ಕೆ ಮಾಡಿ, ದಾರ ಕಾಣುವ ಹಾಗೆ ನನ್ನ ಮುಂದೆ ಹಿಡಿಯುತ್ತಿದ್ದ. ತಿರುವಿನಲ್ಲೂ ಹಾಗೇ ಹಿಡಿದಿರಬೇಕು. ಚಪ್ಪಲಿಯ ಬಾರು ಕಟ್ಟಿಕೊಳ್ಳುವಾಗ, ಹಸುವಿನ ಹಗ್ಗ ಬಿಗಿಯುವಾಗ, ಆ ಎರಡು ಕೈ ನನ್ನ ಮುಂದೆ ಬಂದು ನಿಲ್ಲುತ್ತವೆ. ಆಗ ಗಂಟು ಹಾಕಲು ಬರುವುದಿಲ್ಲ. ಹಸುವನ್ನು ಈಗ ಮಗಳು ಕಟ್ಟುತ್ತಾಳೆ.

"ಈ ವರ್ಸದ ದಾರ ಯಾರು ಕಟ್ಟಿದ್ದು ತಾಯಿ?" ಕೇಳಿದೆ.

"ನಾನೆಯ. ಆಯುದ್‌ಪೂಜಲಿ. ಮೂರು ಗಂಟು ಆಕ್ಬುಟ್ಟಿ, ಬಿಲ್ಲ ಅದ್ರಲ್ಲೇ ಪೋಣ್ಸಿದ್ದಿ."

"ಅವತ್ತು ಬೆಳಿಗ್ಗೆ ಹೊರಟಾಗ ದಾರ ಇತ್ತಾ?"

"ಇಲ್ದೆ ಎಲ್ಲಿಗ ಓದದು? ಗೋಣಿಲಿ ಸುತ್ತವಾಗ ನಾನೆ ಇಡ್ಕಂಡಿದ್ದಿ." ಬೆಳ್ಳುಳ್ಳಿಯ ಸಿಪ್ಪೆಯನ್ನು ಊದಿದರು. "ದಾರ ಬಿಚ್ಚಿ ಬುಕ್ಕ ಜೋಬಿಲಿ ಮಡಿಕಳಪ್ಪ, ಪೋಲೀಸ್ನೋರು ಬ್ಯಾರೆಯೋರು ಬಂದವ್ರೆ ಅಂತ ಸಿದ್ದೇಸ ಏಳ್ದ. ಅದ್ಕ ಇವ್ರು ಏನಂದ್ರು ಗೊತ್ತಾ? ಏಟಯ್ಯ ಕಟ್ಟು ಅಂದವ್ರೆ, ಕಟ್ದೆ ವೋದ್ರ ತಕ್ಕಳಕ್ಕಿಲ್ಲ ಅಂದ್ರು."

ನಾಲ್ಕು ವರ್ಷದ ಹಿಂದೆ ಠಾಣೆಯ ಮೆಟ್ಟಿಲಿಳಿದು ಬಂದವನ ಮಾತು ಈ ಮನೆಯಲ್ಲಿ ಇನ್ನೂ ನಡೆಯುತ್ತಿತ್ತು. ಅಳು ಬಂತು. ಅಳುವ ಹಕ್ಕು ನನಗಿಲ್ಲ ಅಂತಲೂ ಅನ್ನಿಸಿತು.

"ತಾಯಿ, ತಪ್ಪು ನಂದು."

"ಊಂ," ಅಂದರು ಮಹಾಲಿಂಗಮ್ಮ. ಇಲ್ಲ ಅನ್ನಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. "ಮಗ ಕೈಗ ಬೇಡಿ ಆಕ್ಸ್ಕಂಡೇ ಅವ್ರಪ್ಪನ್ಗ ಮಣ್ಣಾಕ್ದ. ಅದ ನೋಡ್ದಿ. ಇನ್ ಏನೂ ನೋಡಕ್ಕ ಆಗಕ್ಕಿಲ್ಲ ನನ್ಕೈಲಿ. ನೀವು ನಿಮ್ಮ ತಪ್ಪ ನಂಗ ಏಳ್ಬೇಡಿ. ನಾಳ ಮ್ಯಾಜಿಸ್ಟೇಟ್ರ ಮುಂದ ನಿಂತ್ಕಂಡು ಏಳಿ. ನಾನೇ ಕಟ್ಟು ಅಂದಿದ್ದು ಅನ್ನಿ. ನನ್ನ ಮಗ ಮನಗ ಬರ್ಲಿ."

"ಹೇಳ್ತೀನಿ."

"ಶಿವಮಲ್ಲುವ ಕೇಳುದ್ರಾ? ಅವನು ಅಲ್ಲೇ ನಿಂತಿದ್ನಂತೆ. ಸಿದ್ದೇಸನ ಜೊತ್ಗೆ ಒಂದನೇ ಕ್ಲಾಸಿಂದ ಓದ್ದೋನು. ಮಣ್ಣಿಗೂ ಬರ್ನಿಲ್ಲ."

ಅವನ ಹತ್ತಿರಕ್ಕೇ ಹೊರಟಿದ್ದೇನೆ ಅಂದೆ. ಸಂಜೆಗೆ ಸುದ್ದಿ ಹೇಳುತ್ತೇನೆ ಅಂತ ಮಾತು ಕೊಟ್ಟೆ. ಮಾತು ಕೊಡುವುದು ನನಗೆ ಹಳೇ ಚಾಳಿ.

*

ಗುಮಟಾಪುರದ ಆಚೆ, ಶಿವಮಲ್ಲು ಯಾರದೋ ಹೊಲದಲ್ಲಿ ಎಲೆಕೋಸು ಕುಯ್ಯುತ್ತಿದ್ದ. ರಸ್ತೆಯಲ್ಲಿ ನನ್ನನ್ನು ಕಂಡವನೇ ಬೆನ್ನು ತಿರುಗಿಸಿದ. ಕೆಲಸದವರೆಲ್ಲ ಬುತ್ತಿ ಬಿಚ್ಚಲು ಮರದಡಿಗೆ ಹೋಗಿದ್ದರು. ಅವನು ಮಾತ್ರ ಸಾಲು ಬಿಟ್ಟು ಕದಲಲಿಲ್ಲ.

"ಹೋಮ್‌ಗಾರ್ಡಿನ ಟೋಪಿ ಎಲ್ಲಿ ಬಿಟ್ಯೋ?" ಕೇಳಿದೆ.

"ಮನಲದ."

"ಮಹಜರಿಗೆ ಸೈನು ಹಾಕಿದ್ದೀಯ. ಓದಿ ಹಾಕಿದ್ಯಾ?"

"ತಮಿಳ್ನಲ್ಲಿತ್ತು. ಆಕು ಅಂದ್ರು, ಆಕ್ದಿ."

ಅವನ ಕೈಯಲ್ಲಿದ್ದದ್ದು ಕೋಸು ಕುಯ್ಯುವ ಸಣ್ಣ ಚೂರಿ. ಮೂವತ್ತೈದು ವರ್ಷದ ಅಭ್ಯಾಸ, ಮನುಷ್ಯನ ಮುಖಕ್ಕಿಂತ ಮೊದಲು ಕೈ ನೋಡುತ್ತೇನೆ. ಹೆಬ್ಬೆರಳು ಚೂರಿಯ ಹಿಡಿಯನ್ನು ಉಜ್ಜುತ್ತಲೇ ಇತ್ತು.

"ದಾರ ಕುಯ್ದದ್ದು ಇದರಲ್ಲೇನಾ?"

ಅವನು ಮಡಿಯ ಮೇಲೆ ಕುಕ್ಕರಿಸಿ ಕೂತ. ಓಡುತ್ತಾನೆ ಅಂದುಕೊಂಡಿದ್ದೆ. ಹದಿಮೂರು ದಿನದಿಂದ ಯಾರಾದರೂ ಕೇಳಲಿ ಅಂತಲೇ ಕಾದಿದ್ದನೋ ಏನೋ.

"ಇದಲ್ಲ. ಬ್ಲೇಡಲ್ಲಿ," ಅಂದ.

"ಯಾರು ಹೇಳಿದ್ರು ಕುಯ್ಯಕ್ಕೆ? ಎಸ್ಐನಾ?"

"ಯಾರೂ ಏಳ್ನಿಲ್ಲ ಏಟಯ್ಯ. ನಾನಾಗೇ ಕುಯ್ದಿ."

"ನೀನಾಗೇ ಯಾಕ್ಲಾ?"

"ಎಸ್ಐ ಜೀಪ್ ತಾವ ವೋಗಿ ಫೋನ್ ಮಾಡ್ತಿದ್ರು. ಸಿದ್ದೇಸನ್ನ ಇಬ್ಬರು ಅಮ್ಕಂಡಿದ್ರು. ದೊಡ್ಡಮಾದಯ್ಯ ಅಂಗಾತ ಬಿದ್ದಿದ್ರು. ತುಪಾಕಿ ಪಕ್ಕದಲ್ಲಿತ್ತು." ಅವನು ಒಂದೊಂದೇ ಮಾತನ್ನು ಹೆಕ್ಕಿ ಇಡುತ್ತಿದ್ದ. "ನಂಗ ಒಂದೇ ಭಯ. ಎಣವ ಒಂದ್ ಗಾಡಿಲಿ ಆಕ್ತರ, ತುಪಾಕಿಯ ಇನ್ನೊಂದ್ರಲ್ಲಿ. ದಾರಿಲಿ ಬುಕ್ಕ ಯಾರಾದ್ರೂ ಕಿತ್ತಾಕ್ಬುಟ್ರ? ಕಳ್ಳ ತುಪಾಕಿ, ಕಾಡ್ಲಿ ಬ್ಯಾಟ ಆಡೋನು ಅಂತ ಬರ್ದ್‌ಬುಡ್ತರ. ಅಂತಾ ಮನ್ಸನ್ಗ ಆ ಎಸ್ರು ಬರ್ಬಾರ್ದು. ಅದ್ಕ ಕುಯ್ದು, ರಕ್ತ ಆಗ್ದಂಗ ಪ್ಲಾಸ್ಟಿಕ್ ಕವರ್ಲಿ ಸುತ್ತಿ ಅವ್ರ ಜೋಬ್ಗ ಇಟ್ಟಿ. ಆಸ್ಪತ್ರಲಿ ಬಿಚ್ಚುದ್ರ ಸಿಕ್ತದ, ಲೈಸೆನ್ಸ್ ಇರೋ ಮನ್ಸ ಅಂತ ಗೊತ್ತಾಯ್ತದ ಅಂತ."

ನಾನೂ ಅವನ ಪಕ್ಕ ಮಡಿಯ ಮೇಲೆ ಕೂತೆ. ಒಳ್ಳೆಯದಾಗಲಿ ಅಂತ ನಾನು ಕಟ್ಟಿಸಿದೆ. ಒಳ್ಳೆಯದಾಗಲಿ ಅಂತ ಇವನು ಬಿಚ್ಚಿದ. ಎಸ್ಐಗೆ ಆಮೇಲೆ ಜೇಬಿನಲ್ಲಿ ಪುಸ್ತಕ ಸಿಕ್ಕಿದ್ದು ಹಬ್ಬವಾಗಿರಬೇಕು.

"ದಾರ ಎಲ್ಲಿ?"

"ಪೂಜ ಮಾಡಿರ ದಾರ. ರಸ್ತಲಿ ತುಳ್ದಾಡ್ತರಲ್ಲ ಅಂತ ಎತ್ಕಂಡಿ."

ಹೊಲದ ಬದುವಿನಲ್ಲಿ ಒಂದು ಬನ್ನಿ ಮರ. ಅದರ ಬುಡದಲ್ಲಿ ಎರಡು ಕಲ್ಲು ದೇವರು. ಕೆಳಗಿನ ಕೊಂಬೆಗೆ ದಾರ ಕಟ್ಟಿತ್ತು. ಅರಿಶಿನ ಮಾಸಿ, ಒಂದು ತುದಿ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಮಹಾಲಿಂಗಮ್ಮನ ಮೂರು ಗಂಟು ಹಾಗೇ ಇದ್ದವು. ನಡುವೆ ತಗಡಿನ ಬಿಲ್ಲೆ. ಹದಿನೇಳು. ಏಳರ ಬಾಲ ಸ್ವಲ್ಪ ಸೊಟ್ಟ, ಆ ಅಂಕಿಯನ್ನು ಮೊಳೆಯಲ್ಲಿ ಕುಟ್ಟಿದ್ದು ನಾನೇ. ಠಾಣೆಯ ಹಳೇ ರಿಜಿಸ್ಟರಿನಲ್ಲಿ ಹದಿನೇಳರ ಮುಂದೆ ದೊಡ್ಡಮಾದಯ್ಯನ ಹೆಸರಿದೆ. ನನ್ನದೇ ಅಕ್ಷರ.

ರಕ್ತ ಇದ್ದದ್ದು ದಾರದ ಮೇಲೆ. ಪುಸ್ತಕದ ಮೇಲಲ್ಲ. ಗುಂಡು ಬಿದ್ದಾಗ ಬಂದೂಕಿಗೆ ಕಟ್ಟಿದ್ದ ದಾರ ದೊಡ್ಡಮಾದಯ್ಯನ ಕೈಯಲ್ಲಿತ್ತು ಅನ್ನುವುದಕ್ಕೆ ಇನ್ನೇನು ಬೇಕು? ಹದಿಮೂರು ದಿನದಲ್ಲಿ ಮೊದಲ ಸಲ ನನಗೆ ಉಸಿರು ಪೂರ್ತಿ ಒಳಗೆ ಹೋಯಿತು. ಸಿದ್ದೇಶ ಹೊರಗೆ ಬಂದ ಹಾಗೆಯೇ ಅಂದುಕೊಂಡೆ. ದಾರವನ್ನು ಮುಟ್ಟಲಿಲ್ಲ. ಫೋಟೋ ತೆಗೆದೆ, ರೇವತಿಗೆ ಕಳಿಸಿದೆ.

"ನಾಳೆ ಇದನ್ನೇ ಮ್ಯಾಜಿಸ್ಟ್ರೇಟ್ ಮುಂದೆ ಹೇಳ್ತೀಯಾ?"

"ಕೆಲ್ಸ ವೋಯ್ತದ."

"ಹೋಗುತ್ತೆ. ಕೇಸೂ ಹಾಕಬಹುದು. ನಾನೂ ನಿನ್ನ ಪಕ್ಕದಲ್ಲೇ ನಿಂತಿರ್ತೀನಿ. ಮೊದಲು ಬೈಸಿಕೊಳ್ಳೋನು ನಾನು."

ಅವನು ಮೂಗು ಒರೆಸಿಕೊಂಡ. "ಏಳ್ತೀನಿ," ಅಂದ.

ಅಷ್ಟಕ್ಕೇ ಎದ್ದು ಬಂದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಜೈಲಿನಲ್ಲಿ ಸಿದ್ದೇಶ ರೇವತಿಗೆ ಹೇಳಿದ್ದ, ಬೈಕು ನಿಲ್ಲುವ ಮೊದಲೇ ಎಸ್ಐ ಕೈಯಲ್ಲಿ ಪಿಸ್ತೂಲು ಇತ್ತು ಅಂತ. ಎಲೆಕ್ಷನ್ ತಪಾಸಣೆ ಅಂದರೆ ಹಣ, ಸೀರೆ, ಬಾಟಲಿ ಹುಡುಕುವ ಕೆಲಸ. ಅದಕ್ಕೆ ಯಾರೂ ಪಿಸ್ತೂಲು ಹಿಡಿದು ನಿಲ್ಲುವುದಿಲ್ಲ.

"ಎಸ್ಐ ಪಿಸ್ತೂಲು ತೆಗೆದದ್ದು ಯಾವಾಗ?"

ಶಿವಮಲ್ಲು ಕೋಸಿನ ಒಂದು ಎಲೆ ಕಿತ್ತು ಹರಿಯತೊಡಗಿದ.

"ಶಿವಮಲ್ಲು."

"ಬೈಕು ಬರಕ್ಕ ಮುಂಚೆಯ."

"ಯಾಕೆ?"

"ಒಂದ್ ಫೋನ್ ಬಂತು. ಕಾಲ್ಗಂಟ ಮುಂಚೆ. ಚೆಕ್‌ಪೋಸ್ಟಿನ ಫೋನ್ಗ. ಕನ್ನಡದಲ್ಲಿ ಮಾತಾಡ್ತಾವ್ರೆ, ಏನಂತ ಕೇಳು ಅಂತ ಎಸ್ಐ ನನ್ ಕೈಗ ಕೊಟ್ರು."

"ಏನಂದ್ರು?"

"ಗೆಟ್ಟವಾಡಿ ಕಡಿಂದ ಒಬ್ಬ ಮುದುಕ ಗೋಣಿಲಿ ತುಪಾಕಿ ತತ್ತಾವ್ನೆ. ಒಪ್ಸಕ್ಕಲ್ಲ, ಒಡಿಯಕ್ಕ ಬತ್ತಾವ್ನೆ. ಉಸಾರು. ಇಷ್ಟೇ ಅಂದು ಮಡಿಗ್ಬುಟ್ಟ. ನಾನು ಅದ್ನೇ ಎಸ್ಐಗ ತಮಿಳ್ನಲ್ಲಿ ಏಳ್ದಿ."

ಹೊಲದ ಆಚೆ ಮರದಡಿಯಲ್ಲಿ ಯಾರೋ ನಕ್ಕರು. ಇದು ಗಾಬರಿಯಲ್ಲಿ ಸಿಡಿದ ಗುಂಡಲ್ಲ. ಯಾರೋ ಒಬ್ಬ ಮನೆಯಲ್ಲಿ ಕೂತು, ಹೊಸ ಎಸ್ಐಯ ಬೆರಳನ್ನು ದೊಡ್ಡಮಾದಯ್ಯನ ಎದೆಗೆ ತಿರುಗಿಸಿದ್ದ.

"ಎಸ್ಐ ಈ ಕರೆ ವಿಷಯ ಎಲ್ಲೂ ಬರೆದಿಲ್ಲವಲ್ಲ?"

"ಅವ್ರ್ಗೂ ಬ್ಯಾಡ ಅದು. ಯಾವನೋ ಏಳ್ದ ಅಂತ ಮುದುಕನ್ನ ಒಡ್ದ ಅಂತಾರಲ್ಲ. ನಾನೂ ಬಾಯಿ ಬುಡ್ನಿಲ್ಲ."

"ನಂಬರು ನೋಡಿದ್ಯಾ?"

"ನಂಬರ್ ನೋಡ್ನಿಲ್ಲ."

"ಮತ್ತೆ ಸಿಗುತ್ತೆ ಬಿಡು. ಕರೆಯ ದಾಖಲೆ ಕೇಳಿದ್ರೆ ಕೊಡಲೇಬೇಕು. ಒಳ್ಳೇದೇ ಆಯ್ತು, ಸಿದ್ದೇಶನ ಕೇಸಿಗೆ ಇದೂ—"

"ಏಟಯ್ಯ, ಆ ಫೋನಿನ ಮಾತ ಬುಟ್‌ಬುಡಿ." ಅವನು ನನ್ನ ಮಾತನ್ನು ತಡೆದ. ನಾನು ಕಂಡಂತೆ ಅವನು ಯಾರ ಮಾತನ್ನೂ ಹಾಗೆ ತಡೆದವನಲ್ಲ. "ದಾರದ್ದು ಏಳ್ತೀನಿ. ಅದ ಕೇಳ್ಬೇಡಿ ಅನ್ನಿ ವಕೀಲಮ್ಮನ್ಗ. ಕೇಳುದ್ರ ಆಣ ಇಟ್ಟು ಸುಳ್ಳು ಏಳಕ್ಕ ಆಗಕ್ಕಿಲ್ಲ ನನ್ಕೈಲಿ. ಒಂದ್ ಸಲ ಸೈನ್ ಆಕಿ ಸಾಕಾಗದ."

"ಯಾಕೋ? ಯಾರ ದನಿ ಅದು?"

ಎಲೆ ಪೂರ್ತಿ ಹರಿದು ಮುಗಿದಿತ್ತು. ಅವನ ಕೈಗೆ ಇನ್ನು ಮಾಡಲು ಏನೂ ಉಳಿದಿರಲಿಲ್ಲ.

"ಒಂದನೇ ಕ್ಲಾಸಿಂದ ಕೇಳಿರ ದನಿ," ಅಂದ. "ಸಿದ್ದೇಸಂದು."

ನಾನು ಅವನ ಕಣ್ಣು ನೋಡಿದೆ. ಸುಳ್ಳು ಹೇಳುವ ಸಾವಿರ ಜನರನ್ನು ನೋಡಿದ್ದೇನೆ. ಇವನು ಅವರಲ್ಲೊಬ್ಬನಾಗಿರಲಿ ಅಂತ ಆ ಕ್ಷಣ ಆಸೆಪಟ್ಟೆ.

"ಬೈಕ್ ಓಡಿಸ್ತಿದ್ದೋನು ಅವನೇ ಅಲ್ವೇನೋ."

"ದಾರಿಲಿ ಪೆಟ್ರೋಲ್ ಆಕ್ಸಕ್ಕ ನಿಲ್ಸಿದ್ರಂತಲ್ಲ."

ಹೌದು. ಸಿದ್ದೇಶನೇ ಅದನ್ನು ರೇವತಿಗೆ ಹೇಳಿದ್ದ. ಅಪ್ಪ ಬೈಕಿನ ಹತ್ತಿರ ನಿಂತಿದ್ದ, ನಾನು ಒಂದು ನಿಮಿಷ ಆಚೆ ಹೋಗಿದ್ದೆ ಅಂದಿದ್ದ. ಮೂತ್ರಕ್ಕೆ ಅಂದುಕೊಂಡು ನಾವು ಮುಂದೆ ಕೇಳಿರಲಿಲ್ಲ.

ಅಪ್ಪನ ಎದೆಗೆ ಗುಂಡು ಬೀಳಿಸಲು ಮಗ ಫೋನು ಮಾಡುತ್ತಾನೆಯೇ? ಮಾಡಿ, ಅದೇ ಬೈಕಿನಲ್ಲಿ ಅಪ್ಪನ ಮುಂದೆ ಕೂತು ಆ ಪಿಸ್ತೂಲಿನ ಎದುರಿಗೇ ಹೋಗಿ ನಿಲ್ಲುತ್ತಾನೆಯೇ? ಇಲ್ಲ ಅಂತ ಮನಸ್ಸು ಹೇಳಿತು. ಆದರೆ ನಾಳೆ ಮ್ಯಾಜಿಸ್ಟ್ರೇಟ್ ಮುಂದೆ ನನ್ನ ಮನಸ್ಸನ್ನು ಯಾರೂ ಕೇಳುವುದಿಲ್ಲ. ಶಿವಮಲ್ಲು ನಿಂತರೆ ಅಪ್ಪ ನಿರಪರಾಧಿ, ಮಗ ಅಪರಾಧಿ. ಶಿವಮಲ್ಲು ನಿಲ್ಲದಿದ್ದರೆ ಇಬ್ಬರೂ ಅಪರಾಧಿಗಳು.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮಹಾಲಿಂಗಮ್ಮ. ಸಂಜೆಯವರೆಗೆ ಕಾಯಲು ಅವರಿಂದ ಆಗಿರಲಿಲ್ಲ.

"ಏಟಯ್ಯ, ಶಿವಮಲ್ಲು ಸಿಕ್ಕುದ್ನಾ?"

"ಸಿಕ್ಕಿದ ತಾಯಿ."

"ಒಪ್ಕಂಡ್ನಾ?"

ಶಿವಮಲ್ಲು ನನ್ನನ್ನೇ ನೋಡುತ್ತಿದ್ದ. ನಾನು ಏನು ಹೇಳುತ್ತೇನೋ ಅದೇ ಅವನ ಸಾಕ್ಷಿ, ಅದು ಅವನ ಮುಖದಲ್ಲಿ ಕಾಣುತ್ತಿತ್ತು. ಫೋನಿನ ಆಚೆ ಮಹಾಲಿಂಗಮ್ಮ ಪಾತ್ರೆ ಸರಿಸಿದ ಸದ್ದು ಕೇಳಿತು.

"ಅಂಗಾರ ನಾಳ ರಾತ್ರಿಗ," ಅಂದರು, "ನಂಗೂ ಮಗನ್ಗೂ ಇಬ್ಬರ್ಗ ಆಗೋವಷ್ಟು ರಾಗಿ ಮುದ್ದಗ ಎಸರು ಇಕ್ಲಾ?"